ಬುಡ ಕೀಳುವ ಯಜಮಾನರು

ಬುಡ ಕೀಳುವ ಯಜಮಾನರು ಮೈಸೂರು, ಬೆಂಗಳೂರು, ಹಾಸನ, ಶಿವಮೊಗ್ಗಗಳ ಹಳೆಯ ಬಡಾವಣೆಗಳಲ್ಲಿ, ಮುಖ್ಯವಾಗಿ 30–40ರ ಸೈಟುಗಳಲ್ಲಿ ಕಾಣಸಿಗುತ್ತಾರೆ. ವಯಸ್ಸು 60ರ ಆಚೆ. ಬ್ಯಾಂಕು, ಖಜಾನೆ, ವಿದ್ಯುತ್ ಇಲಾಖೆ, ಪದವಿಪೂರ್ವ ಕಾಲೇಜು, ಎಲ್ಲಿಂದ ನಿವೃತ್ತರಾಗಿದ್ದರೂ ಲಕ್ಷಣಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಅಂಗಳದಲ್ಲಿ ಕಡಿದ ಮರವೊಂದರ ಬುಡ, ಅದರ ಸುತ್ತ ಅರೆಬರೆ ತೋಡಿದ ಗುಂಡಿ, ಗುಂಡಿಯ ಅಂಚಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ: ಈ ಮೂರು ಒಟ್ಟಿಗೆ ಕಂಡರೆ ಯಜಮಾನರು ಹತ್ತಿರದಲ್ಲೇ ಇದ್ದಾರೆಂದು ತಿಳಿಯಬೇಕು. ಕುರ್ಚಿ ಖಾಲಿಯಿದ್ದರೆ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದಾರೆ. ತೋಳಿನ ಬನಿಯನ್ನು, ಮಂಡಿಯವರೆಗೆ ಎತ್ತಿ ಕಟ್ಟಿದ ಪಂಚೆ, ತಲೆಗೆ ಸುತ್ತಿದ ಟವೆಲ್ಲು, ಕಾಲಿಗೆ ವಾಕಿಂಗ್ ಶೂ ಇವರ ಉಡುಗೆ. ಶೂ ಮಗಳು ಕೊಡಿಸಿದ್ದು. ವಾಕಿಂಗ್ ನಿಂತುಹೋಗಿದೆ, ಬೆಳಗಿನ ಹೊತ್ತೆಲ್ಲ ಬುಡಕ್ಕೆ ಮೀಸಲಾಗಿರುವುದರಿಂದ.

ಮರವಿಲ್ಲದೆ ಬುಡವಿಲ್ಲ. ಆ ಮರ ಸಾಮಾನ್ಯವಾಗಿ ಗೃಹಪ್ರವೇಶದ ವರ್ಷ ನೆಟ್ಟದ್ದು. ಸಸಿ ಮೊಣಕಾಲೆತ್ತರ ಇದ್ದಾಗ ಕಾಂಪೌಂಡಿನಿಂದ ಎರಡಡಿ ದೂರ ಧಾರಾಳವೆನಿಸುತ್ತದೆ. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದು ಕಾಂಪೌಂಡಿಗೆ ಬಿರುಕು ಬಿಡಿಸಿ, ಸಂಪಿನ ಮುಚ್ಚಳದ ಮೇಲೆ ಎಲೆ ಸುರಿದು, ಪಕ್ಕದ ಮನೆಯ ತಾರಸಿಗೂ ಕೈಚಾಚಿರುತ್ತದೆ. ಕಡಿಸಬೇಕೆಂಬ ತೀರ್ಮಾನ ಪ್ರತಿವರ್ಷ ಸಂಕ್ರಾಂತಿಯ ಹೊತ್ತಿಗೆ ಆಗುತ್ತದೆ. ಅಷ್ಟರಲ್ಲಿ ಮಾವು ಹೂ ಬಿಟ್ಟಿರುವುದರಿಂದ ‘ಈ ಸಲದ ಕಾಯಿ ಆಗಿಹೋಗಲಿ’ ಎಂದು ಮುಂದಕ್ಕೆ ಹೋಗುತ್ತದೆ. ಪಕ್ಕದ ಮನೆಯವರ ಹೊಸ ಕಾರಿನ ಗಾಜಿನ ಮೇಲೆ ರೆಂಬೆಯೊಂದು ಮುರಿದುಬಿದ್ದ ದಿನ ಮರ ಕಡಿಯುವವನಿಗೆ ಫೋನು ಹೋಗುತ್ತದೆ.

ಅವನು ಬಂದು, ಮರವನ್ನು ಒಂದು ಸುತ್ತು ಹಾಕಿ, ಕತ್ತೆತ್ತಿ ನೋಡಿ, ಕೇಳುವ ಮೊದಲ ಪ್ರಶ್ನೆ ಇದು: “ಬುಡ ಸಮೇತಾನಾ ಸಾರ್, ಬರೀ ಮರಾನಾ?” ಎರಡರ ನಡುವೆ ಎರಡೋ ಮೂರೋ ಸಾವಿರದ ಅಂತರ. ಯಜಮಾನರ ಉತ್ತರ ಎಲ್ಲ ಊರಿನಲ್ಲೂ ಒಂದೇ: “ಬುಡ ಬಿಡಪ್ಪ, ಅದೇನ್ ಮಹಾ, ನಾನೇ ತೆಗೆದ್ಕೋತೀನಿ. ನೀನು ನೆಲದ ಮಟ್ಟಕ್ಕೆ ನೀಟಾಗಿ ಕಡ್ಕೊಟ್ಟು ಹೋಗು.” ನಿನ್ನೆಯವರೆಗೆ ಸಾಧಾರಣ ಪಿಂಚಣಿದಾರರಾಗಿದ್ದವರು ಬುಡ ಕೀಳುವ ಯಜಮಾನರಾಗಿ ಹುಟ್ಟುವುದು ಈ ಮಾತಿನಲ್ಲೇ. ಇದರ ಮೊದಲರ್ಧದ ತಪ್ಪು ಬರೀ ಹಣದ್ದು. ‘ನೆಲದ ಮಟ್ಟಕ್ಕೆ’ ಎಂಬುದೇ ದೊಡ್ಡ ತಪ್ಪು. ಬುಡ ಕೀಳುವ ಉದ್ದೇಶವಿದ್ದರೆ ಕಾಂಡವನ್ನು ನಾಲ್ಕಡಿಯಾದರೂ ಉಳಿಸಿ ಕಡಿಯಬೇಕು. ಬೇರುಗಳನ್ನು ಬಿಡಿಸಿದ ಮೇಲೆ ಆ ನಾಲ್ಕಡಿಗೆ ಹಗ್ಗ ಕಟ್ಟಿ ಅತ್ತಿತ್ತ ಜಗ್ಗಿದರೆ ಅದೇ ಸನ್ನೆಗೋಲಾಗಿ ಬುಡ ಅಲುಗುತ್ತದೆ. ನೀಟಾಗಿ ಕಡಿಸಿಕೊಂಡವರಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಮರ ಕಡಿಯುವವನಿಗೆ ಇದು ಚೆನ್ನಾಗಿ ಗೊತ್ತು. ಕೇಳದೆ ಹೇಳುವುದು ಅವನ ವೃತ್ತಿಧರ್ಮವಲ್ಲ.

ಕಾಗದಪತ್ರಗಳಲ್ಲಿ ಮಾತ್ರ ಯಜಮಾನರ ಕಡೆಯಿಂದ ಲೋಪವಿರುವುದಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಸ್ವಂತ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್ ಮುಂತಾದ ಕೆಲವಕ್ಕೆ ವಿನಾಯಿತಿ ಇದೆ. ಯಜಮಾನರು ಅರ್ಜಿ ಬರೆದು, ಮರದ ಫೋಟೊ ಮತ್ತು ಕಂದಾಯದ ರಸೀದಿ ಲಗತ್ತಿಸಿ, ಅನುಮತಿ ಪಡೆದು, ಅದಕ್ಕೆ ಲ್ಯಾಮಿನೇಷನ್ನನ್ನೂ ಮಾಡಿಸಿ ಇಟ್ಟಿರುತ್ತಾರೆ. ಅದರಲ್ಲಿ ಬುಡದ ಬಗ್ಗೆ ಒಂದಕ್ಷರವಿಲ್ಲ. ಆದರೆ 1927ರ ಭಾರತೀಯ ಅರಣ್ಯ ಅಧಿನಿಯಮದ ವ್ಯಾಖ್ಯೆಯಲ್ಲಿ ‘ಮರ’ ಎಂಬುದಕ್ಕೆ ತಾಳೆ, ಪೊದೆ, ಬೆತ್ತಗಳ ಜೊತೆ ಮರದ ಬುಡವನ್ನೂ ಸೇರಿಸಲಾಗಿದೆ. ಅದು ಕಾಡಿಗೆ ಸಂಬಂಧಿಸಿದ ಕಾಯಿದೆ, ಅಂಗಳಕ್ಕಲ್ಲ. ಆದರೂ ‘ತಾತ, ಮರ ಯಾಕೆ ಕಡಿಸಿದ್ರಿ’ ಎಂದು ಪರಿಸರದ ಪಾಠ ಕಲಿತ ಮೊಮ್ಮಗಳು ಕೇಳಿದಾಗ, ಕಾನೂನಿನ ಪ್ರಕಾರ ನಮ್ಮ ಮನೆಯಲ್ಲಿ ಮರ ಇನ್ನೂ ಇದೆ ಎಂದು ಉತ್ತರಿಸಲು ಯಜಮಾನರಿಗೆ ಇದು ಒದಗಿಬರುತ್ತದೆ.

ಮರ ಯಾವುದು ಎಂಬುದರ ಮೇಲೆ ಯಜಮಾನರ ಸ್ವಭಾವವೂ ಸ್ವಲ್ಪ ಬದಲಾಗುತ್ತದೆ. ತೆಂಗಿಗೆ ತಾಯಿಬೇರಿಲ್ಲ. ಬುಡದಿಂದ ಸಾವಿರಾರು ಬೇರುಗಳು ಹೆಚ್ಚೂಕಡಿಮೆ ಒಂದೇ ಗಾತ್ರದಲ್ಲಿ ಸುತ್ತಲೂ ಹೊರಟಿರುತ್ತವೆ. ಇರುವುದೊಂದೇ ಸುಳಿ, ಅದು ಹೋದ ಮೇಲೆ ಚಿಗುರುವ ಪ್ರಶ್ನೆಯಿಲ್ಲ. ಆದ್ದರಿಂದ ತೆಂಗಿನ ಬುಡದ ಯಜಮಾನರು ‘ತಾನಾಗೇ ಕೊಳೆಯುತ್ತೆ ಬಿಡಿ’ ಎಂದು ನಿಶ್ಚಿಂತರಾಗಿರುತ್ತಾರೆ. ಕೊಳೆಯುವುದು ನಿಜ. ಕೊಳೆತ ಬುಡದಲ್ಲಿ ಘೇಂಡಾಮೃಗದ ದುಂಬಿ ಮೊಟ್ಟೆಯಿಟ್ಟು, ಮರಿಗಳು ಅಲ್ಲೇ ಕೊಬ್ಬಿ, ರೆಕ್ಕೆ ಬಂದ ಮೇಲೆ ಪಕ್ಕದ ಮನೆಯವರ ತೆಂಗಿನ ಸುಳಿ ಕೊರೆಯಲು ಹೋಗುವುದೂ ಅಷ್ಟೇ ನಿಜ. ನುಗ್ಗೆಯ ಬುಡ ಮೆತ್ತಗಿದ್ದು ಕೀಳುವುದು ಸುಲಭ. ಆದರೆ ಅದನ್ನು ಯಾರೂ ಕೀಳುವುದಿಲ್ಲ. ಕಡಿದ ಕೆಲವೇ ವಾರಗಳಲ್ಲಿ ಅದರ ಸುತ್ತ ಸೊಪ್ಪು ಬರುತ್ತದೆ, ಮನೆಯಲ್ಲಿ ಬಸ್ಸಾರು ಆಗುತ್ತದೆ, ಯಜಮಾನರು ಎರಡನೇ ಮುದ್ದೆ ಹಾಕಿಸಿಕೊಂಡ ಮೇಲೆ ಆ ವಿಷಯ ಮುಗಿಯುತ್ತದೆ.

ನಿಜವಾದ ಪರೀಕ್ಷೆ ಮಾವಿನದು. ಗೊರಟಿನಿಂದ ಎದ್ದ ಮಾವಿನ ತಾಯಿಬೇರು ನೇರವಾಗಿ ಪಾತಾಳಕ್ಕೆ ಇಳಿಯುತ್ತದೆ. ಪಕ್ಕದ ಬೇರುಗಳು ಬಹುಪಾಲು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಇದ್ದರೂ ಅವುಗಳ ಹರವು ಕೊಂಬೆಗಳ ಹರವನ್ನೂ ಮೀರಿರುತ್ತದೆ. 30–40ರ ಸೈಟಿನಲ್ಲಿ ಮರದ ಅರ್ಧ ಬೇರು ಬೇರೆಯವರ ಖಾತೆಯಲ್ಲಿದೆ ಎಂದೇ ಇದರ ಅರ್ಥ. ಕಡಿದರೂ ಅದು ಸಾಯುವುದಿಲ್ಲ. ತೊಗಟೆಯಡಿ ಮಲಗಿದ್ದ ಮೊಗ್ಗುಗಳು ಎದ್ದು ತಾಮ್ರದ ಬಣ್ಣದ ಚಿಗುರು ಬರುತ್ತದೆ. ಅದಕ್ಕೆ ಬೇಕಾದ ಪಿಷ್ಟವನ್ನು ಬೇರು ಮೊದಲೇ ಕೂಡಿಟ್ಟಿರುತ್ತದೆ. ಚಿಗುರು ಬಂದಂತೆಲ್ಲ ಬಿಡದೆ ಮುರಿಯುತ್ತಿದ್ದರೆ ಆ ದಾಸ್ತಾನು ಖಾಲಿಯಾಗಿ ಬುಡ ಒಣಗುತ್ತದೆ. ಯಜಮಾನರು ಈ ಶಿಸ್ತನ್ನು ತಪ್ಪದೆ ಪಾಲಿಸುತ್ತಾರೆ, ಹಬ್ಬಗಳ ಹೊರತು. ಯುಗಾದಿಗೆ ಎರಡು ವಾರ ಮುಂಚಿನಿಂದ ಮನೆಯಾಕೆ “ರೀ, ಈಗ ಮುರೀಬೇಡಿ, ತೋರಣಕ್ಕೆ ಬೇಕು” ಎನ್ನುತ್ತಾರೆ. ಗೌರಿ ಹಬ್ಬಕ್ಕೆ ಮತ್ತೆ ಇನ್ನೊಂದು ವಿನಾಯಿತಿ. ವರಮಹಾಲಕ್ಷ್ಮಿಯ ಕಳಸಕ್ಕೆ ಬೀದಿಯ ನಾಲ್ಕು ಮನೆಯವರು ಬಂದು ಕೇಳಿದರೆ ಇಲ್ಲವೆನ್ನಲಾಗುವುದಿಲ್ಲ. ಬೇರಿಗೆ ವರ್ಷಕ್ಕೆ ಇಷ್ಟು ಬಿಡುವು ಸಿಕ್ಕರೆ ಸಾಕು.

ಸಲಕರಣೆಗಳ ಸಂಗ್ರಹ ಯಜಮಾನರ ಪಾಲಿಗೆ ಕೆಲಸದಷ್ಟೇ ಮುಖ್ಯ. ಹಾರೆ, ಪಿಕಾಸಿ, ಗುದ್ದಲಿ, ಸನಿಕೆ, ಕೊಡಲಿ, ಬಾಂಡ್ಲಿ ಒಂದೊಂದಾಗಿ ಮನೆಗೆ ಬರುತ್ತವೆ. ಇವೆಲ್ಲ ಬಾಡಿಗೆಗೂ ಸಿಗುತ್ತವೆ, ಆದರೆ ‘ಮನೇಲಿದ್ರೆ ಆಗುತ್ತೆ’ ಎಂಬುದು ಯಜಮಾನರ ನಿಲುವು. ಕೊಡಲಿಯ ಕಾವು ಸಡಿಲವಾಗಿದ್ದರೆ ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆಹಾಕಿಡಬೇಕು, ಮರ ನೀರು ಕುಡಿದು ಉಬ್ಬಿ ಬಿಗಿಯಾಗುತ್ತದೆ ಎಂಬಂಥ ಸಂಗತಿಗಳು ಇವರಿಗೆ ಈ ವಯಸ್ಸಿನಲ್ಲಿ ತಿಳಿಯುತ್ತವೆ. ತಿಳಿದ ದಿನವೇ ಬಚ್ಚಲಿನ ಬಕೆಟ್ಟು ಕೊಡಲಿಯ ವಶವಾಗುತ್ತದೆ. ಬುಡ ತೆಗೆಸದೆ ಉಳಿಸಿದ ಎರಡು ಸಾವಿರದ ಮುಂದೆ ಸಲಕರಣೆಗೆ ಆದ ಖರ್ಚು ಎಷ್ಟೆಂದು ಕೇಳಬಾರದು. ಬ್ಯಾಂಕಿನಿಂದ ನಿವೃತ್ತರಾದವರು ಅದನ್ನು ಡೈರಿಯಲ್ಲಿ ಖರ್ಚಿನ ಕಡೆ ಬರೆಯುವುದೇ ಇಲ್ಲ, ಆಸ್ತಿಯ ಕಡೆ ತೋರಿಸುತ್ತಾರೆ.

ಕೆಲಸ ಭಾನುವಾರ ಬೆಳಿಗ್ಗೆ ಆರಂಭವಾಗುತ್ತದೆ. ನಿವೃತ್ತರಿಗೆ ಎಲ್ಲ ವಾರವೂ ಒಂದೇ ಆದರೂ ನೋಡುವವರು ಮನೆಯಲ್ಲಿರುವುದು ಅಂದೇ. ಬುಡಕ್ಕೆ ಎರಡಡಿ ಬಿಟ್ಟು ಸುತ್ತ ಕಾಲುವೆ ತೋಡಿ, ಬೇರುಗಳನ್ನು ಬಯಲು ಮಾಡಿ, ಒಂದೊಂದನ್ನೇ ಕಡಿದು, ಕೊನೆಗೆ ತಾಯಿಬೇರಿಗೆ ಇಳಿಯುವುದು ಸರಿಯಾದ ಕ್ರಮ. ಯಜಮಾನರು ಬುಡಕ್ಕೆ ಅಂಟಿಕೊಂಡೇ ಅಗೆಯುತ್ತಾರೆ. ಅಲ್ಲಿ ಬೇರುಗಳು ಅತ್ಯಂತ ದಪ್ಪವಾಗಿರುವುದರಿಂದ ಪಿಕಾಸಿ ಪುಟಿದು ವಾಪಸು ಬರುತ್ತದೆ. ಮಣ್ಣು ಹತ್ತಿದ ಬೇರಿಗೆ ಬೀಸಿದ ಕೊಡಲಿಯ ಬಾಯಿ ಕಲ್ಲಿಗೆ ತಾಗಿ ಹೋಗುತ್ತದೆ. ಎಂಟು ಗಂಟೆಗೆ ಉಪ್ಪಿಟ್ಟು, ಒಂಬತ್ತಕ್ಕೆ ಸೊಂಟ, ಹತ್ತಕ್ಕೆ ಪೈಪು.

ಪೈಪಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದಿಲ್ಲದೆ ಯಾವ ಬುಡದ ಕಥೆಯೂ ಪೂರ್ತಿಯಾಗುವುದಿಲ್ಲ. ಬೀದಿಯಿಂದ ಸಂಪಿಗೆ ಬರುವ ನೀರಿನ ಪೈಪನ್ನು ಮನೆ ಕಟ್ಟಿಸುವಾಗ ಹಾಕಿಸಿದ್ದು ಯಜಮಾನರೇ. ಎಲ್ಲಿ ಹಾದುಹೋಗಿದೆ ಎಂಬುದು ಅವರಿಗೆ ಖಚಿತವಾಗಿ ಗೊತ್ತು. “ಪೈಪ್ ಆ ಕಡೆ ಇದೆ, ಈ ಕಡೆ ಏನಿಲ್ಲ” ಎಂದು ಹೇಳಿ ಬೀಸಿದ ಪಿಕಾಸಿಯ ಮೊನೆಯಿಂದ ನೀರು ಚಿಮ್ಮುತ್ತದೆ. ದಿನ ಬಿಟ್ಟು ದಿನ ನೀರು ಬಿಡುವ ಬಡಾವಣೆಯಾದರೆ ಅದು ನೀರು ಬಿಡುವ ದಿನವೇ ಆಗಿರುತ್ತದೆ. ಗೇಟ್ ವಾಲ್ವು ಎಷ್ಟೋ ವರ್ಷದಿಂದ ತಿರುಗಿಸದೆ ತುಕ್ಕು ಹಿಡಿದು ಕೂತಿದೆ. ಯಜಮಾನರು ಒಡೆದ ಪೈಪಿಗೆ ಹೆಬ್ಬೆರಳು ಒತ್ತಿಕೊಂಡು ಗುಂಡಿಯಲ್ಲಿ ಕೂತಿರುತ್ತಾರೆ, ಮನೆಯಾಕೆ ಹಳೆಯ ಸೀರೆ ಹರಿದು ತರುತ್ತಾರೆ, ಎದುರು ಮನೆಯ ಹುಡುಗ ಪ್ಲಂಬರನ್ನು ಹುಡುಕಿಕೊಂಡು ಸ್ಕೂಟರಿನಲ್ಲಿ ಹೋಗಿರುತ್ತಾನೆ. ಕಪ್ಲಿಂಗು, ಸೊಲ್ಯೂಷನ್ನು, ಭಾನುವಾರದ ಮಜೂರಿ ಸೇರಿ ಒಂದು ಮೊತ್ತವಾಗುತ್ತದೆ. ತಮಾಷೆಯೆಂದರೆ ಇಡೀ ಕಾರ್ಯಾಚರಣೆಯಲ್ಲಿ ಶಾಸ್ತ್ರೀಯವಾಗಿ ನಡೆದ ಕೆಲಸ ಇದೊಂದೇ. ಬೇರಿನ ಸುತ್ತಲ ಗಟ್ಟಿ ಮಣ್ಣನ್ನು ನೀರು ಹಾಯಿಸಿ ನೆನೆಸಿ ತೊಳೆದುಹಾಕುವುದು ಬುಡ ಕೀಳುವುದರಲ್ಲಿ ಒಪ್ಪಿತವಾದ ವಿಧಾನ.

ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಲ್ಲುವ ಸಲಹೆಗಾರರು ಈ ಹಂತದಲ್ಲಿ ಕಾಣಿಸಿಕೊಳ್ಳುತ್ತಾರೆ. ಬೆಳಗಿನ ಹಾಲಿನ ಹೊತ್ತಿಗೆ ಒಬ್ಬರು, ಪೇಪರಿನ ಹೊತ್ತಿಗೆ ಇಬ್ಬರು, ಸಂಜೆಯ ಹೊತ್ತಿಗೆ ಒಂದು ಸಮಿತಿ. “ಏನ್ ಸಾರ್, ಇನ್ನೂ ಬಂದಿಲ್ವಾ?” ಎಂಬುದು ಪೀಠಿಕೆ. ಮೊದಲ ಸಲಹೆ ಉಪ್ಪಿನದು. ಬುಡಕ್ಕೆ ತೂತು ಕೊರೆದು ಕಲ್ಲುಪ್ಪು ತುಂಬಿದರೆ ಕೊಳೆಯುತ್ತದೆಂಬ ನಂಬಿಕೆ ಬಲವಾಗಿದೆ. ಉಪ್ಪು ಜೀವಂತ ಭಾಗವನ್ನು ಕೊಲ್ಲುವುದು ಹೌದು, ಆದರೆ ಮರ ಕೊಳೆಯಬೇಕಾದರೆ ಶಿಲೀಂಧ್ರ ಬೆಳೆಯಬೇಕು, ಉಪ್ಪು ಅದನ್ನೂ ಬೆಳೆಯಗೊಡುವುದಿಲ್ಲ. ಮಾವಿಗೆ ಉಪ್ಪು ಹಾಕಿಟ್ಟರೆ ಕೆಡುವುದಿಲ್ಲವೆಂಬುದು ಮನೆಯಾಕೆಗೆ ಉಪ್ಪಿನಕಾಯಿಯ ಭರಣಿಯಿಂದ ಗೊತ್ತು. ಅವರನ್ನು ಯಾರೂ ಕೇಳಿರುವುದಿಲ್ಲ. ಮಳೆ ಬಂದು ಉಪ್ಪು ಕರಗಿ ಮಣ್ಣಿಗಿಳಿದ ಮೇಲೆ ಪಕ್ಕದ ಕರಿಬೇವಿನ ಗಿಡ ಒಣಗುತ್ತದೆ, ಮಾವಿನ ಬುಡ ಇದ್ದ ಹಾಗೇ ಇರುತ್ತದೆ.

ಇಂಗು ಇಟ್ಟು ಮೊಳೆ ಹೊಡೆಯಿರಿ ಎನ್ನುವವರು ಮತ್ತೊಬ್ಬರು. ಇಂಗಿನ ಬೆಲೆ ಕೇಳಿ ಇದು ಬಿದ್ದುಹೋಗುತ್ತದೆ. ಪೆಟ್ಲುಪ್ಪು ಎಂಬ ಸಲಹೆ ಬರುವುದು ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕರಿಂದ. ಪೊಟ್ಯಾಸಿಯಂ ನೈಟ್ರೇಟ್ ಶಿಲೀಂಧ್ರಕ್ಕೆ ಸಾರಜನಕ ಒದಗಿಸುತ್ತದೆ, ಒಣಗಿದ ಬುಡ ಚೆನ್ನಾಗಿ ಉರಿಯುವಂತೆಯೂ ಮಾಡುತ್ತದೆ. ಆದರೆ ಅದು ಕೋವಿಮದ್ದಿನ ಸಾಮಗ್ರಿಯೂ ಆದ್ದರಿಂದ ಅಂಗಡಿಯವನು ‘ಯಾಕೆ ಸಾರ್?’ ಎಂದು ಕೇಳಿದ ಕೂಡಲೇ ಯಜಮಾನರು ಅರ್ಧ ಕೆಜಿ ಮೊಳೆ ಕೊಂಡು ವಾಪಸಾಗುತ್ತಾರೆ. ಈ ಸಭೆಯಲ್ಲಿ ಸರಿಯಾದ ಮಾತಾಡುವವನು ಹಾಲಿನವನು: ತೂತು ಕೊರೆದು, ಸಗಣಿ ಬಗ್ಗಡವನ್ನೋ ಯೂರಿಯಾವನ್ನೋ ತುಂಬಿ, ಮಣ್ಣು ಮುಚ್ಚಿ ತೇವವಾಗಿಟ್ಟರೆ ಬೇಗ ಕೊಳೆಯುತ್ತದೆ. ಎಷ್ಟು ಬೇಗ ಎಂದರೆ ಎರಡು ಮೂರು ಮಳೆಗಾಲ. ಬುಡಕ್ಕೆ ಗೆದ್ದಲು ಬಂದೇ ಬರುತ್ತದೆ, ಅಲ್ಲಿ ತಿಂದು ಮುಗಿಸಿದ್ದು ಬಾಗಿಲ ಚೌಕಟ್ಟಿಗೆ ಬರದೆ ಹೋಗುವುದಿಲ್ಲ ಎಂಬ ಭಯದಿಂದ ಮನೆಯಾಕೆ ಇದಕ್ಕೆ ಒಪ್ಪುವುದಿಲ್ಲ. ಅವರ ಭಯ ಕಾರಣವಿಲ್ಲದ್ದೇನೂ ಅಲ್ಲ.

ಸುಟ್ಟುಬಿಡುವ ಪ್ರಯತ್ನ ಒಂದು ಸಂಜೆಗೆ ಮುಗಿಯುತ್ತದೆ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದರಿಂದ ತೆಂಗಿನ ಚಿಪ್ಪು, ಹಳೆಯ ಪೇಪರು, ಸೀಮೆಎಣ್ಣೆ ಎಲ್ಲ ಉರಿದುಹೋದರೂ ಬುಡ ಮೇಲೆ ಮಸಿಯಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಹೊಗೆ ಮಾತ್ರ ಮೂರು ಮನೆಯ ಒಣಗಿದ ಬಟ್ಟೆಗೆ ಹಿಡಿಯುತ್ತದೆ, ಸಲಹೆಗಾರರ ಸಂಖ್ಯೆ ಮೂರರಷ್ಟು ಕಡಿಮೆಯಾಗುತ್ತದೆ.

ಜೆಸಿಬಿಯ ಪ್ರಸ್ತಾಪ ಬರುವುದು ಅನಂತರ. 1945ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಕಂಪನಿಯ ಯಂತ್ರಗಳು ಭಾರತದಲ್ಲಿ ತಯಾರಾಗತೊಡಗಿದ್ದು 1979ರ ನಂತರ. ಇಂದು ಹಳದಿ ಬಣ್ಣದ, ಮಣ್ಣು ತೋಡುವ ಯಾವುದಕ್ಕೂ ಕನ್ನಡದಲ್ಲಿ ಅದೇ ಹೆಸರು. ಅದರ ಹಿಂದಿನ ತೋಳಿಗೆ ಮಾವಿನ ಬುಡ ಹತ್ತು ನಿಮಿಷದ ಕೆಲಸ. ತೊಂದರೆಯಿರುವುದು ಅಗಲದಲ್ಲಿ. ಯಂತ್ರ ಏಳಡಿಗೂ ಹೆಚ್ಚು ಅಗಲ, ಮನೆಯ ಪಕ್ಕದಲ್ಲಿ ಹಿತ್ತಿಲಿಗೆ ಹೋಗಲು ಬಿಟ್ಟಿರುವುದು ಮೂರಡಿ. ಮುಂಭಾಗದ ಅಂಗಳವಾದರೆ ಗೇಟು, ಕಾಂಪೌಂಡಿನ ಒಂದು ಭಾಗ, ಸಂಪಿನ ಚಪ್ಪಡಿ ಇಷ್ಟನ್ನೂ ತೆಗೆದರೆ ಬುಡ ತೆಗೆಯಬಹುದೆಂದು ಡ್ರೈವರು ನೋಡಿ ಹೇಳಿ ಹೋಗುತ್ತಾನೆ.

ಅಮೆರಿಕದಲ್ಲಿರುವ ಮಗ ವಿಡಿಯೊ ಕರೆಯಲ್ಲಿ ಇದನ್ನೆಲ್ಲ ನೋಡಿ ಅಲ್ಲಿನ ಕ್ರಮ ಹೇಳುತ್ತಾನೆ. ಅಲ್ಲಿ ಬುಡವನ್ನು ಕೀಳುವುದೇ ಇಲ್ಲ, ಗಟ್ಟಿ ಹಲ್ಲಿನ ಚಕ್ರವಿರುವ ಯಂತ್ರವನ್ನು ದಿನದ ಬಾಡಿಗೆಗೆ ತಂದು ನೆಲದ ಮಟ್ಟಕ್ಕಿಂತ ಅರ್ಧ ಅಡಿ ಕೆಳಗಿನವರೆಗೂ ಅರೆದು ಪುಡಿ ಮಾಡುತ್ತಾರೆ, ಬೇರು ಅಲ್ಲೇ ಕೊಳೆಯುತ್ತದೆ. ಯಜಮಾನರು ಎಲ್ಲವನ್ನೂ ಕೇಳಿ “ಅದಕ್ಕೇ ನೋಡು, ಅವರಿಗೆ ಮೈ ಬಗ್ಗಲ್ಲ” ಎನ್ನುತ್ತಾರೆ. ಹೀಗೆ ಹೇಳುವಾಗ ಅವರ ಸೊಂಟಕ್ಕೆ ಬಿಸಿನೀರಿನ ಬ್ಯಾಗು ಕಟ್ಟಿರುತ್ತದೆ.

ಇಲ್ಲಿಗೆ ಬರುವ ಹೊತ್ತಿಗೆ ಮನೆಯವರಿಗೆ ಒಂದು ವಿಷಯ ಸ್ಪಷ್ಟವಾಗಿರುತ್ತದೆ: ಯಜಮಾನರಿಗೆ ಬುಡ ಹೋಗಬೇಕೆಂಬ ಆತುರವೇನೂ ಇಲ್ಲ. ಕಚೇರಿ ಬಿಟ್ಟ ಮೇಲೆ ಮೊದಲ ಬಾರಿಗೆ ಅವರಿಗೆ ಹೋಗಿ ಕೂರಲು ಒಂದು ಜಾಗ, ಬಂದು ಮಾತಾಡಲು ನಾಲ್ಕು ಜನ, ‘ನಾಳೆ ನೋಡೋಣ’ ಎಂದು ಮುಂದೂಡಲು ಒಂದು ಕೆಲಸ ಸಿಕ್ಕಿದೆ. ಕಾಫಿ ಅಲ್ಲಿಗೇ ಹೋಗುತ್ತದೆ. ಮನೆಯಾಕೆ ದೂರುವುದು ಬಾಯಿಮಾತಿಗೆ ಮಾತ್ರ. ಅಡುಗೆಮನೆಗೆ ಬಂದು ‘ಸಾರಿಗೆ ಹುಣಸೆ ಜಾಸ್ತಿ ಆಯ್ತು’ ಎನ್ನುವವರು ಅಂಗಳದಲ್ಲಿ ಕೂತಿರುವುದರ ಅನುಕೂಲ ಅವರಿಗೆ ತಿಳಿಯದ್ದೇನಲ್ಲ. ಬುಡದ ಮೇಲೆ ತುಳಸಿ ಕುಂಡವಿಟ್ಟು ಈ ಅಧ್ಯಾಯ ಮುಗಿಸಿದ ಮನೆಗಳೂ ಉಂಟು.

ಉಳಿದ ಮನೆಗಳಲ್ಲಿ ಬುಡ ಹೊರಬರುವುದಕ್ಕೆ ಯಾವುದಾದರೂ ಶುಭಕಾರ್ಯ ಕಾರಣವಾಗುತ್ತದೆ. ಮಗಳ ಸೀಮಂತಕ್ಕೆ ಅಂಗಳದಲ್ಲಿ ಶಾಮಿಯಾನ ಹಾಕಬೇಕು, ಅಥವಾ ಬೀಗರ ಕಡೆಯವರೊಬ್ಬರು ಬಂದು ಈಶಾನ್ಯದಲ್ಲಿ ಮೋಟು ಇರಬಾರದೆಂದು ಹೇಳಿರುತ್ತಾರೆ. ಯಜಮಾನರು ಪೇಟೆಗೆ ಹೋದ ಹೊತ್ತು ನೋಡಿ ಮನೆಯಾಕೆ ಇಬ್ಬರು ಆಳುಗಳನ್ನು ಕರೆಸುತ್ತಾರೆ. ಹಿರಿಯವನು ಬುಡವನ್ನು ನೋಡಿ “ನಾಲ್ಕಡಿ ಬಿಟ್ಟು ಕಡೀಬೇಕಿತ್ತಲ್ಲಮ್ಮ, ಯಾರಮ್ಮ ಕಡ್ಸಿದ್ದು?” ಎನ್ನುತ್ತಾನೆ. ಮನೆಯಾಕೆ ಉತ್ತರಿಸುವುದಿಲ್ಲ. ಅವರು ಎರಡಡಿ ಆಚೆ ಸುತ್ತ ಕಾಲುವೆ ತೋಡುತ್ತಾರೆ, ನಾಲ್ಕು ಕೊಡ ನೀರು ಸುರಿದು ಬೀಡಿ ಹಚ್ಚುತ್ತಾರೆ, ಮಣ್ಣು ನೆನೆದ ಮೇಲೆ ಬೇರುಗಳನ್ನು ತೊಳೆದು ಒಂದೊಂದನ್ನೂ ಎರಡು ಕಡೆ ಕಡಿದು ತುಂಡು ತೆಗೆದುಹಾಕುತ್ತಾರೆ, ಕೊಡಲಿ ಆಡಲು ಜಾಗ ಬೇಕಲ್ಲ. ತಾಯಿಬೇರನ್ನು ಓರೆಯಾಗಿ ಅರ್ಧ ಕಡಿದು, ಹಾರೆಯಡಿ ಒಂದು ಸೈಜುಗಲ್ಲು ಕೊಟ್ಟು ಇಬ್ಬರೂ ಮೈಭಾರ ಹಾಕಿದಾಗ ಬುಡ ‘ಕರ್ರ್’ ಎಂದು ಮಗ್ಗುಲಿಗೆ ವಾಲುತ್ತದೆ. ಊಟದ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಅಷ್ಟರಲ್ಲಿ ಬಂದ ಯಜಮಾನರು ಗುಂಡಿಯನ್ನೊಮ್ಮೆ, ಬುಡವನ್ನೊಮ್ಮೆ ನೋಡಿ ಹೇಳುವ ಮಾತೂ ಎಲ್ಲ ಊರಿನಲ್ಲೂ ಒಂದೇ: “ನಾನು ಮುಕ್ಕಾಲು ಸಡಿಲ ಮಾಡಿಟ್ಟಿದ್ದೆ.” ಆಳುಗಳು “ಹೂಂ ಯಜಮಾನ್ರೇ” ಎನ್ನುತ್ತಾರೆ. ಈ ‘ಹೂಂ’ ಅವರ ಕೂಲಿಯ ಮೇಲೆ ಇನ್ನೂರು ರೂಪಾಯಿ ತರುತ್ತದೆ.

ಹೊರಬಂದ ಬುಡದ ವಿಲೇವಾರಿ ಬೇರೆಯೇ ಸಮಸ್ಯೆ. ಒಲೆ ಇರುವ ಮನೆ ಬಡಾವಣೆಯಲ್ಲಿ ಉಳಿದಿಲ್ಲ. ಸೌದೆ ಡಿಪೋದವನಿಗೆ ಸೀಳಲಾಗದ, ಗಂಟುಗಂಟಿನ ಮಾವಿನ ಬುಡ ಬಿಟ್ಟಿಯಾಗಿಯೂ ಬೇಡ. ಕಸದ ಆಟೋದವರು ಅದನ್ನು ಹಸಿ ಕಸಕ್ಕೂ ಸೇರಿಸುವುದಿಲ್ಲ, ಒಣ ಕಸಕ್ಕೂ ಸೇರಿಸುವುದಿಲ್ಲ. ಯಜಮಾನರು ಈ ಬಗ್ಗೆ ಪಾಲಿಕೆಗೆ ಒಂದು ಅರ್ಜಿ ಬರೆಯುತ್ತಾರೆ, ಅದರ ಪ್ರತಿಯನ್ನು ಹಳೆಯ ಅನುಮತಿ ಪತ್ರದ ಜೊತೆ ಫೈಲಿನಲ್ಲಿಡುತ್ತಾರೆ. ಗುಂಡಿಗೆ ಕೆಮ್ಮಣ್ಣು ತುಂಬಿಸಿ ನೀರು ಹಾಕಿ ತುಳಿಸಿದರೂ ಮೊದಲ ಮಳೆಗೆ ಅದು ಅರ್ಧ ಅಡಿ ಕುಸಿಯುತ್ತದೆ, ಎರಡನೇ ಸಲ ತುಂಬಿಸಬೇಕಾಗುತ್ತದೆ. ಕತ್ತರಿಸಿಹೋದ ಪಕ್ಕದ ಬೇರುಗಳಿಂದ ಮಾವು ಮತ್ತೆ ಹುಟ್ಟುವುದು ತೀರ ವಿರಳ, ಆದ್ದರಿಂದ ಆ ಕಡೆಯ ಚಿಂತೆಯಿಲ್ಲ. ಬುಡ ಗೇಟಿನ ಹೊರಗೆ ಚರಂಡಿಯ ಪಕ್ಕ ಬೇರು ಮೇಲಾಗಿ ಕೂತಿರುತ್ತದೆ. ಪಾರ್ಸೆಲ್ ತರುವ ಹುಡುಗರು ಫೋನಿನಲ್ಲಿ ದಾರಿ ಕೇಳಿದರೆ ಬೀದಿಯವರೆಲ್ಲ ಅದನ್ನೇ ಗುರುತು ಹೇಳುತ್ತಾರೆ.